ಕಾರಿನ ಮುಂಭಾಗ ನಜ್ಜುಗುಜ್ಜಾಗುವುದು ದೋಷವೇ?

ಪ್ರಶ್ನೆ: ಢಿಕ್ಕಿಯಾದೊಡನೆ ಮುದುಡಿಹೋಗುವ ಕಾರು ದುರ್ಬಲವಲ್ಲವೇ?

ಉತ್ತರ: ಅಲ್ಲ, ಅದೇ ರಕ್ಷಣೆಯ ಮರ್ಮ. ವೇಗವಾಗಿ ಧಾವಿಸುವ ವಾಹನವು ನಿಶ್ಚಲವಾಗುವ ದೂರವು ಇಮ್ಮಡಿಯಾದರೆ ಒಳಗಿನವರ ಮೇಲೆರಗುವ ಸರಾಸರಿ ಬಲವು ಅರ್ಧಕ್ಕಿಳಿಯುವುದರಿಂದ, ಮುಂಭಾಗವು ಕುಗ್ಗುತ್ತ ಆ ದೂರವನ್ನು ಒದಗಿಸಬೇಕು, ಜನರು ಕುಳಿತ ಕೋಷ್ಠವು ಮಾತ್ರ ಅಚಲವಾಗಿ ನಿಲ್ಲಬೇಕು ಎಂಬ ತತ್ತ್ವವನ್ನು ಮರ್ಸಿಡಿಸ್-ಬೆಂಜ್‌ನ ಎಂಜಿನಿಯರ್ ಬೇಲಾ ಬಾರೆನ್ಯಿ ಅವರು ರೂಪಿಸಿದರು. 1959ರಲ್ಲಿ ಅದು ಮಾರಾಟದ ಕಾರಿನಲ್ಲಿ ಸಾಕಾರವಾಯಿತು. ಇಂದು ಕಾರುಗಳ ಸುರಕ್ಷತೆಯನ್ನು ಅಳೆಯುವ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಅದರ ಅಗಲದ ಶೇಕಡಾ 40ರಷ್ಟು ಭಾಗ ಮಾತ್ರ ತಾಗುವಂತೆ, ಜೇನುಗೂಡಿನಂತಹ ಅಲ್ಯೂಮಿನಿಯಂ ತಡೆಗೆ ಅಪ್ಪಳಿಸುತ್ತಾರೆ. ಸುರಕ್ಷಿತವಾದ ಕಾರಾದರೆ ಬಾನೆಟ್ಟು ಮಡಿಸಿದ ಕಾಗದದಂತಾಗಿದ್ದರೂ, ಮನುಷ್ಯರ ಬದಲಿಗೆ ಒಳಗೆ ಕೂರಿಸಿದ ಪರೀಕ್ಷಾ ಗೊಂಬೆಯ ಮುಖಕ್ಕೆ ಬಳಿದ ಬಣ್ಣವು ಗಾಳಿಚೀಲಕ್ಕಷ್ಟೇ ಅಂಟಿರುತ್ತದೆ. ಈ ಏರ್ಪಾಡೆಲ್ಲವೂ ಬೆಲ್ಟು ಧರಿಸಿದ ದೇಹವನ್ನು ಗಣಿಸಿಯೇ ರಚಿತವಾದುದು. ಹಿಂದಿನ ಆಸನದಲ್ಲಿ ಕುಳಿತವರೂ ದಯವಿಟ್ಟು ಬೆಲ್ಟು ಕಟ್ಟಿಕೊಳ್ಳಿರಿ.