ಅಹಿಫೇನವೂ ಗೃಹಸ್ಥಧರ್ಮವೂ

ಪಾಯಸಕ್ಕೆ ಅರೆಯುವ ಗಸಗಸೆಯೂ ಅಫೀಮೂ ಒಂದೇ ಗಿಡದವೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಬೀಜವು ಆಹಾರ, ಹಸಿಗಾಯನ್ನು ಗೀರಿದಾಗ ಒಸರುವ ಹಾಲು ಅಫೀಮು. ಸಂಸ್ಕೃತದಲ್ಲಿ ಇದಕ್ಕೆ ಅಹಿಫೇನ, ಎಂದರೆ ಹಾವಿನ ನೊರೆ, ಎಂದು ಹೆಸರು. ಮಾರ್ಫೀನು ದೊರೆಯುವುದು ಇದರಿಂದಲೇ. ದುಸ್ಸಹವಾದ ನೋವನ್ನು ಇದರಂತೆ ಶಮನಮಾಡುವ ಔಷಧಗಳು ವಿರಳ. ಆದರೆ ಪ್ರಮಾಣ ಮೀರಿದರೆ ಮೆದುಳಿನಲ್ಲಿ ಉಸಿರಾಟವನ್ನು ನಡೆಸುವ ಸ್ಥಾನವೇ ಮಂಕಾಗಿ, ಮನುಷ್ಯನು ನಿದ್ರಿಸುವಂತೆಯೇ ಪ್ರಾಣಬಿಡುವನು.

ಈ ಬಗೆಯ ಮರಣಗಳು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಮಹಾಮಾರಿಯಂತೆ ಹಬ್ಬಿದುವು. ಅಲ್ಲಿ ವಿಪತ್ತಿನ ಮೂಲವು ಕಳ್ಳಸಂತೆಯಲ್ಲ, ವೈದ್ಯರ ಚೀಟಿ. 1990ರ ದಶಕದ ಕೊನೆಯಲ್ಲಿ, ಇಂತಹ ನೋವಿನ ಗುಳಿಗೆಗಳಿಂದ ಚಟ ಹತ್ತುವುದು ಅಪರೂಪವೆಂದು ತಯಾರಕರು ವೈದ್ಯರನ್ನು ನಂಬಿಸಿದರು. ಗುಳಿಗೆಯ ಬಳಿಕ ಹೆರಾಯಿನ್, ಅದರ ಬಳಿಕ ಅದಕ್ಕಿಂತ ಸುಮಾರು 50 ಪಟ್ಟು ತೀಕ್ಷ್ಣವಾದ ಫೆಂಟನಿಲ್ ಬಂದಿತು. 2022ರಲ್ಲಿ ಮಾದಕದ್ರವ್ಯಗಳ ಅತಿಸೇವನೆಯಿಂದ ಒಂದು ಲಕ್ಷಕ್ಕೂ ಮಿಕ್ಕಿ ಜನರು ಮಡಿದರು.

ದಂಡಿಸಿದರೆ ಚಟಗಾರನು ತಿದ್ದಿಕೊಳ್ಳುವನೆಂದು, ಬಹುಕಾಲ ಬೆತ್ತ ಹಿಡಿದ ನಾವೂ ನಂಬಿದ್ದೆವು. ವಸ್ತುಸ್ಥಿತಿಯು ಬೇರೆ. ಸೆರೆಮನೆಯಲ್ಲಿ ವಸ್ತು ದೊರೆಯದೆ ಇದ್ದವನ ದೇಹವು ಅದನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುವುದು. ಬಿಡುಗಡೆಯಾದವನು ಹಳೆಯ ಪ್ರಮಾಣವನ್ನೇ ಸೇವಿಸಿದರೆ ಸಾಯುವನು. ಮೊದಲ ಕೆಲವು ವಾರಗಳಲ್ಲಿಯೇ ಈ ಅಪಾಯವು ಅತ್ಯಧಿಕ.

ಆದುದರಿಂದ ಚಟವನ್ನು ರೋಗವೆಂದೆಣಿಸಿ, ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಗಳನ್ನು ವೈದ್ಯರ ನಿಗಾದಲ್ಲಿ ದೀರ್ಘಕಾಲ ಕೊಡುವ ಕ್ರಮವು ಬೆಳೆದಿದೆ. ಇವು ತಹತಹವನ್ನು ತಗ್ಗಿಸಿ, ರೋಗಿಯನ್ನು ದುಡಿಮೆಗೂ ಸಂಸಾರಕ್ಕೂ ಮರಳಿಸುವುವು. ನಿಂತುಹೋಗುತ್ತಿರುವ ಉಸಿರನ್ನು ಕೆಲವೇ ನಿಮಿಷಗಳಲ್ಲಿ ಎಬ್ಬಿಸುವ ಪ್ರತ್ಯೌಷಧವು ನಲಾಕ್ಸೋನ್. ಇದನ್ನು ಮೂಗಿಗೆ ಸಿಂಪಡಿಸುವ ರೂಪದಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರಲು ಅಮೆರಿಕಾದಲ್ಲಿ 2023ರಲ್ಲಿ ಅನುಮತಿಯಾಯಿತು. ಇದರಿಂದ ಚಟಕ್ಕೆ ಪ್ರೋತ್ಸಾಹವಾಗದೆ ಎಂದು ಕೆಲವರು ಶಂಕಿಸುವರು. ಆದರೆ ಸತ್ತವನಿಗೆ ಬುದ್ಧಿ ಹೇಳಬಲ್ಲ ಉಪಾಧ್ಯಾಯನುಂಟೆ? ಅಲ್ಲಿ 2024ರ ಮರಣಗಳು ಸುಮಾರು 80,000ಕ್ಕೆ ಇಳಿದುವು. ಕಾರಣಗಳು ಹಲವಿದ್ದರೂ ಈ ಉಪಾಯಗಳಿಗೆ ಅದರಲ್ಲಿ ಪಾಲುಂಟೆಂದು ತಜ್ಞರ ಮತ.

ನಮ್ಮ ಮನೆಗಳೂ ಇದರಿಂದ ಕಲಿಯತಕ್ಕದ್ದುಂಟು. ಟ್ರಮಡಾಲ್ ಎಂಬ ನೋವಿನ ಗುಳಿಗೆಯನ್ನು ನಮ್ಮ ಸರ್ಕಾರವು 2018ರಲ್ಲಿ ಮಾದಕದ್ರವ್ಯಗಳ ಕಾನೂನಿಗೆ ಒಳಪಡಿಸಿತು. ಶಸ್ತ್ರಚಿಕಿತ್ಸೆಯ ಬಳಿಕ ಉಳಿದ ಇಂತಹ ಗುಳಿಗೆಗಳನ್ನು ಪೆಟ್ಟಿಗೆಯಲ್ಲಿ ಕೂಡಿಡಬಾರದು, ನೆರೆಯವರಿಗೆ ಕೊಡಬಾರದು. ಎಬ್ಬಿಸಿದರೂ ಏಳದೆ, ತುಟಿ ನೀಲಿಯಾಗಿ, ಉಸಿರು ತಡೆತಡೆದು ಬರುತ್ತಿದ್ದರೆ ಅದನ್ನು ನಿದ್ದೆಯೆಂದು ಬಿಡದೆ, ಒಡನೆ 108ಕ್ಕೆ ತಿಳಿಸತಕ್ಕದ್ದು. ಮನೆಯ ಮಗನಿಗೇ ಈ ಚಟ ಹತ್ತಿದರೆ, ಮಾನಕ್ಕಂಜಿ ಮುಚ್ಚಿಡದೆ ವೈದ್ಯರಲ್ಲಿಗೆ ಕರೆದೊಯ್ಯುವುದೇ ಲೇಸು. ಈ ರೋಗದಲ್ಲಿ ಬಹುಮಂದಿ ಸಾಯುವುದು ಒಬ್ಬೊಂಟಿಗರಾಗಿ, ಮುಚ್ಚಿದ ಬಾಗಿಲಿನ ಹಿಂದೆ.