16 ಬಾರ್‌ಗಳ ಕಣ್ಣೀರು

ನಮ್ಮ ಹಾಸ್ಟೆಲಿನಲ್ಲಿ ಗಿಟಾರ್ ಇರುವ ರೂಮುಗಳು ಮೂರು. ಉಳಿದೆರಡರ ಮುಂದೆ ಯಾವಾಗ ಹೋದರೂ ‘ಆಸ್ತೂರಿಯಾಸ್’ನ ಮೊದಲ ಅರ್ಧ ನಿಮಿಷ ಕೇಳಿಸುತ್ತದೆ. ಅಲ್ಲಿ ನಿಲ್ಲುತ್ತದೆ, ಮತ್ತೆ ಮೊದಲಿನಿಂದ! ಸ್ಪೇನಿನ ಆಲ್ಬೆನಿಸ್ ಅದನ್ನು ಬರೆದದ್ದು ಪಿಯಾನೊಗೆ. ಈಗ ಅದು ಕ್ಲಾಸಿಕಲ್ ಗಿಟಾರ್ ಹಿಡಿದವರೆಲ್ಲರ ಕನಸು. ಕನಸು ಕಾಣುವುದೇನೋ ಸರಿ. ಆದರೆ ‘ಒಂದು ಪೂರ್ತಿ ನುಡಿಸು ಮಾರಾಯ’ ಎಂದರೆ ಎರಡು ವರ್ಷ ಕಲಿತವರ ಬಳಿಯೂ ಏನೂ ಇರುವುದಿಲ್ಲ.

ನಾನು ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ಲ್ಯಾಬ್ ರೆಕಾರ್ಡ್, ಇಂಟರ್ನಲ್ಸ್, ಆಪ್ಟಿಟ್ಯೂಡ್ ಎಲ್ಲ ಕಳೆದು ಗಿಟಾರಿಗೆ ಸಿಗುವುದು ರಾತ್ರಿ ಊಟದ ನಂತರದ 20 ನಿಮಿಷ. ಪ್ಲೇಸ್‌ಮೆಂಟ್ ಸೀಸನ್ ಬಂದರೆ ಅದೂ ಕಷ್ಟ. ಕಳೆದ ವರ್ಷ ಇಬ್ಬರು ಸೀನಿಯರ್‌ಗಳು ಹಾಸ್ಟೆಲ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಗಿಟಾರ್ ಮಾರಿಬಿಟ್ಟರು. ನನ್ನದು ಉಳಿಯಬೇಕು. ಅದಕ್ಕೇ ನಾನು ಸುಲಭದವನ್ನೇ ನುಡಿಸುತ್ತೇನೆ.

ಫ್ರಾನ್ಸಿಸ್ಕೊ ತಾರ್ರೆಗಾ (1852–1909) ಅವರ ‘ಲಾಗ್ರಿಮಾ’ ತೆಗೆದುಕೊಳ್ಳಿ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಕಣ್ಣೀರ ಹನಿ. ಬರೆದಿರುವುದು ಬರೀ 16 ಬಾರ್. (ಬಾರ್ ಎಂದರೆ ನಮ್ಮ ಹುಡುಗರಿಗೆ ಬೇರೆಯದೇ ನೆನಪಾಗುತ್ತದೆ, ಇದು ತಾಳದ ಒಂದು ಸುತ್ತು.) ಮೊದಲರ್ಧ ಮೇಜರ್, ಎರಡನೆಯದು ಮೈನರ್, ಬಿಸಿಲಿದ್ದಾಗಲೇ ಮೋಡ ಕವಿದ ಹಾಗೆ. ಆಮೇಲೆ ಮತ್ತೆ ಮೊದಲರ್ಧ. ಬೆರಳು ಎಲ್ಲಿಡಬೇಕೆಂದು ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ. ಅಸಲಿ ಕೆಲಸ ಶುರುವಾಗುವುದೇ ಆಮೇಲೆ. ಆರಂಭದಲ್ಲಿ ಮೇಲೊಂದು ರಾಗ, ಕೆಳಗೊಂದು ಬೇಸ್, ಎರಡೂ ಜೊತೆಯಾಗಿ ಏರುತ್ತವೆ. ಅವುಗಳ ನಡುವೆ ಎರಡನೇ ತಂತಿ ಖಾಲಿಯಾಗಿ ಮತ್ತೆ ಮತ್ತೆ ಮಿಡಿಯುತ್ತದೆ. ಆ ತಂತಿ ಸ್ವಲ್ಪ ಜೋರಾದರೂ ರಾಗ ಮುಳುಗಿತು. ಒಂದೇ ಕೈಯ ಮೂರು ಬೆರಳಿಗೆ ಮೂರು ಬಗೆಯ ಒತ್ತಡ ಕಲಿಸಬೇಕು. ಎಡಗೈ ಪರದಾಡುವ ಕಷ್ಟದ ಕೃತಿಯಲ್ಲಿ ಇದನ್ನೆಲ್ಲ ಕೇಳಿಸಿಕೊಳ್ಳಲು ಕಿವಿಗೆ ಪುರುಸೊತ್ತೆಲ್ಲಿ?

‘ಇನ್ನೂ ಮಕ್ಕಳ ಪಾಠದಲ್ಲೇ ಇದ್ದೀಯಾ?’ ಎಂದು ಪಕ್ಕದ ರೂಮಿನವನು ಕೇಳುತ್ತಾನೆ. ಫರ್ನಾಂಡೊ ಸೋರ್ ದೊಡ್ಡ ಕಛೇರಿಗಳನ್ನು ಕೊಟ್ಟ ಕಲಾವಿದ. ಆತನೇ ಕಲಿಯುವವರಿಗೆಂದು ‘ಓಪಸ್ 60’ ಎಂಬ 25 ಪಾಠಗಳನ್ನು ಬರೆದಿದ್ದಾನೆ. ಮೊದಲನೆಯದರಲ್ಲಿ ಒಂದು ಸಲಕ್ಕೆ ಒಂದೇ ಸ್ವರ. ನಮ್ಮಲ್ಲಿ ಸಂಗೀತ ಕಲಿಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಮಾಯಾಮಾಳವಗೌಳದ ಸರಳೆ ವರಸೆಯನ್ನು ಯಾರೂ ಮಕ್ಕಳಾಟ ಎನ್ನುವುದಿಲ್ಲ.

ಇನ್ನೊಂದು ಲಾಭ ಓದಿನದು. ವಾರಕ್ಕೊಂದು ಹೊಸ ಸಣ್ಣ ಪಾಠ ತೆಗೆದರೆ ಸ್ಟಾಫ್ ನೊಟೇಶನ್ ಪತ್ರಿಕೆ ಓದಿದಷ್ಟು ಸಲೀಸಾಗುತ್ತದೆ. ಒಂದೇ ಕಷ್ಟದ ಕೃತಿಯನ್ನು ಆರು ತಿಂಗಳು ಉಜ್ಜಿದರೆ ಅದು ಬಾಯಿಪಾಠವಾಗುತ್ತದೆ, ಓದಲು ಬರುವುದಿಲ್ಲ.

ಹಾಗಂತ ಕಷ್ಟದ್ದನ್ನು ಮುಟ್ಟುವುದೇ ಇಲ್ಲವೆಂದಲ್ಲ. ಭಾನುವಾರ ಅರ್ಧ ಗಂಟೆ ತಾರ್ರೆಗಾ ಅವರದ್ದೇ ‘ರೆಕುವೆರ್ದೋಸ್ ದೆ ಲಾ ಆಲ್ಹಾಂಬ್ರಾ’ದ ಟ್ರೆಮೊಲೊ ಅಭ್ಯಾಸ ಮಾಡುತ್ತೇನೆ: ಹೆಬ್ಬೆರಳಿನದೊಂದು ಪೆಟ್ಟು, ಹಿಂದೆಯೇ ಮೂರು ಬೆರಳು ಒಂದೇ ಸ್ವರದ ಮೇಲೆ. ಅದು ಕುದುರೆ ಓಟದಂತೆ ಕೇಳುವ ದಿನ ಇನ್ನೂ ದೂರವಿದೆ.

ಸದ್ಯಕ್ಕೆ ಮೊದಲಿಂದ ಕೊನೆಯವರೆಗೆ, ಪುಸ್ತಕ ನೋಡದೆ ನುಡಿಸಬಲ್ಲವು ಒಂಬತ್ತಿವೆ. ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಐದನ್ನು ಕೇಳಿ, ಆರನೆಯದಕ್ಕೆ ನಿದ್ದೆ ಹೋದರು. ಸೆಮಿಸ್ಟರ್ ಮುಗಿಯುವುದರೊಳಗೆ ‘ಅದೆಲಿತಾ’ ಸೇರಿದರೆ ಹತ್ತಾಗುತ್ತದೆ. ಅದರಲ್ಲಿ ಎಲ್ಲ ತಿರುಗುಮುರುಗು: ಮೋಡ ಮೊದಲು, ಬಿಸಿಲು ಆಮೇಲೆ.