ಮೊದಲ ಬೈಟುಗಳ ಗುರುತು: ಕರ್ನೆಲ್ ಯಾವ ಫೈಲನ್ನು ಓಡಿಸುತ್ತದೆ, ಹೇಗೆ?

ಈ ಅಧ್ಯಾಯಕ್ಕೆ ಬೇಕಾದ ಪದಗಳು ಮೂರೇ. ಆಪರೇಟಿಂಗ್ ಸಿಸ್ಟಂನ ತಿರುಳು ಕರ್ನೆಲ್. ಯಂತ್ರವೂ ಅದರ ಮೇಲೆ ಓಡುವ ಪ್ರೋಗ್ರಾಂಗಳೂ ಇದರ ಹಿಡಿತದಲ್ಲಿರುತ್ತವೆ. ಓಡಿಸಲೆಂದೇ ಇರುವ ಫೈಲು ಎಕ್ಸಿಕ್ಯೂಟಬಲ್. ಆ ಫೈಲಿನಲ್ಲಿ ಯಂತ್ರಸೂಚನೆಗಳು ಎಲ್ಲಿವೆ, ದತ್ತಾಂಶ ಎಲ್ಲಿದೆ, ಓಟ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಬರೆದಿಡುವ ಒಪ್ಪಂದ ಫಾರ್ಮ್ಯಾಟ್. ವಿಂಡೋಸ್‌ನ ಫಾರ್ಮ್ಯಾಟ್ ಪಿಇ, ಮ್ಯಾಕ್‌ನದು ಮಾಕ್-ಓ, ಲಿನಕ್ಸ್‌ನದು ಇಎಲ್‌ಎಫ್. ನಾವಿಲ್ಲಿ ಲಿನಕ್ಸ್ ಕರ್ನೆಲನ್ನೇ ನೋಡೋಣ. ಅದರ ಮೂಲ ಎಲ್ಲರಿಗೂ ತೆರೆದಿದೆ, ಹಾಗಾಗಿ ಇಲ್ಲಿ ಹೇಳುವ ಪ್ರತಿಯೊಂದನ್ನೂ ನೀವೇ ಪರೀಕ್ಷಿಸಿಕೊಳ್ಳಬಹುದು.

ಹೆಸರು ಮುಖ್ಯವಲ್ಲ

ಹೊಸಬರು ಮೊದಲು ಎಡವುವುದು ಫೈಲಿನ ಹೆಸರಿನಲ್ಲಿ. ವಿಂಡೋಸ್‌ನಲ್ಲಿ ಪಳಗಿದವರಿಗೆ ಹೆಸರಿನ ಬಾಲದಲ್ಲಿ ‘ಡಾಟ್ ಇಎಕ್ಸ್‌ಇ’ ಇದ್ದರೆ ಅದು ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಕರ್ನೆಲ್ ಆ ಬಾಲದ ಕಡೆ ನೋಡುವುದೇ ಇಲ್ಲ. ಅದಕ್ಕೆ ಬೇಕಾದದ್ದು ಎರಡು: ಫೈಲನ್ನು ಓಡಿಸಲು ಅನುಮತಿ ಇರಬೇಕು ಮತ್ತು ಅದರ ಮೊದಲ ಬೈಟುಗಳು ಪರಿಚಿತವಾಗಿರಬೇಕು.

ಪ್ರೋಗ್ರಾಂ ಓಡಿಸಿ ಎಂಬ ಕೋರಿಕೆ ‘ಎಕ್ಸೆಕ್‌ವಿಇ’ ಎಂಬ ಸಿಸ್ಟಂ ಕಾಲ್ ಮೂಲಕ ಕರ್ನೆಲನ್ನು ತಲುಪುತ್ತದೆ. ಕರ್ನೆಲ್ ಆ ಫೈಲಿನ ಮೊದಲ 256 ಬೈಟುಗಳನ್ನು ಓದಿಕೊಳ್ಳುತ್ತದೆ. 2019ರಲ್ಲಿ ಬಂದ 5.1 ಆವೃತ್ತಿಗೆ ಮುಂಚೆ ಓದುತ್ತಿದ್ದದ್ದು 128 ಮಾತ್ರ. ಗುರುತು ಹಿಡಿಯುವ ಕೆಲಸ ನಡೆಯುವುದು ಈ ತುಣುಕಿನ ಮೇಲೆ. ಇಎಲ್‌ಎಫ್ ಫೈಲು 127 ಎಂಬ ಬೈಟಿನಿಂದ ಶುರುವಾಗುತ್ತದೆ, ಅದರ ನಂತರ ಇ, ಎಲ್, ಎಫ್ ಅಕ್ಷರಗಳು ಬರುತ್ತವೆ. ವಿಂಡೋಸ್ ಪ್ರೋಗ್ರಾಂ ‘ಎಂಝಡ್’ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಅವು ಮೈಕ್ರೋಸಾಫ್ಟ್‌ನ ಇಂಜಿನಿಯರ್ ಮಾರ್ಕ್ ಝ್ಬಿಕೋವ್ಸ್ಕಿಯವರ ಹೆಸರಿನ ಮೊದಲಕ್ಷರಗಳು. ಇಂಥ ಗುರುತುಗಳಿಗೆ ಮ್ಯಾಜಿಕ್ ನಂಬರ್ ಎಂದು ಹೆಸರು.

ಈ ಸಂಖ್ಯೆಗಳಲ್ಲಿ ನನಗೆ ತುಂಬ ಅಚ್ಚುಮೆಚ್ಚು ಹಳೆಯ ಯುನಿಕ್ಸ್‌ನ ‘ಎ ಡಾಟ್ ಔಟ್’ ಫಾರ್ಮ್ಯಾಟಿನ 407. ಇದು ಎಂಟರ ಆಧಾರದಲ್ಲಿ ಬರೆದ ಸಂಖ್ಯೆ. ಪಿಡಿಪಿ-11 ಯಂತ್ರಕ್ಕೆ ಅದೊಂದು ನಿಜವಾದ ಸೂಚನೆಯೇ ಆಗಿತ್ತು: ‘ಮುಂದಕ್ಕೆ ಜಿಗಿ’. ಫೈಲಿನ ಆರಂಭದಲ್ಲಿ 16 ಬೈಟಿನ ತಲೆಬರಹ ಇರುತ್ತಿತ್ತು. ಫೈಲನ್ನು ಇದ್ದಂತೆಯೇ ಮೆಮೊರಿಗೆ ಹಾಕಿ ಮೊದಲ ಬೈಟಿನಿಂದ ಓಡಿಸಿದರೂ ಯಂತ್ರ ಆ ತಲೆಬರಹವನ್ನು ದಾಟಿ ನೇರವಾಗಿ ಪ್ರೋಗ್ರಾಮಿಗೆ ಹೋಗುತ್ತಿತ್ತು. ಗುರುತಿನ ಚಿಹ್ನೆಯೂ ಕೆಲಸದ ಸೂಚನೆಯೂ ಒಂದೇ ಸಂಖ್ಯೆಯಲ್ಲಿ ಅಡಕವಾದ ಈ ಮಿತವ್ಯಯ ಎಷ್ಟು ಸುಂದರ!

ಸರತಿಯಲ್ಲಿ ನಿಂತ ಹ್ಯಾಂಡ್ಲರ್‌ಗಳು

ಓದಿಕೊಂಡ ಬೈಟುಗಳನ್ನು ಕರ್ನೆಲ್ ಒಂದೊಂದೇ ಹ್ಯಾಂಡ್ಲರ್‌ನ ಮುಂದಿಡುತ್ತದೆ. ಹ್ಯಾಂಡ್ಲರ್ ಎಂದರೆ ಒಂದು ಫಾರ್ಮ್ಯಾಟನ್ನು ಗುರುತಿಸಿ ಓಟಕ್ಕೆ ಅಣಿಗೊಳಿಸುವ ಕರ್ನೆಲ್‌ನ ಭಾಗ. ಒಂದೊಂದು ಫಾರ್ಮ್ಯಾಟಿಗೆ ಒಂದು ಹ್ಯಾಂಡ್ಲರ್. ತಾಲೂಕು ಕಚೇರಿಯ ಕೌಂಟರುಗಳನ್ನು ನೆನೆಸಿಕೊಳ್ಳಿ. ಅರ್ಜಿಯ ತಲೆಬರಹ ನೋಡಿದ ಗುಮಾಸ್ತರು ಮೂರರಲ್ಲೊಂದು ಮಾತು ಹೇಳುತ್ತಾರೆ: ‘ಇದು ನನ್ನದು, ಮಾಡಿಕೊಡುತ್ತೇನೆ’, ‘ಇದು ನನ್ನದಲ್ಲ, ಮುಂದಿನ ಕೌಂಟರಿಗೆ ಹೋಗಿ’, ಅಥವಾ ‘ನನ್ನದೇ, ಆದರೆ ಜೊತೆಗಿರಬೇಕಾದ ಕಾಗದ ಇಲ್ಲ’. ಎರಡನೆಯ ಉತ್ತರ ಬಂದಾಗ ಮಾತ್ರ ಅರ್ಜಿ ಮುಂದಕ್ಕೆ ಹೋಗುತ್ತದೆ. ಮೂರನೆಯದು ಬಂದರೆ ಅಲ್ಲೇ ನಿಲ್ಲುತ್ತದೆ.

ಕರ್ನೆಲ್‌ನ ನಿಯಮವೂ ಇದೇ. ಎಲ್ಲರೂ ‘ನನ್ನದಲ್ಲ’ ಎಂದರೆ ಬಳಕೆದಾರರಿಗೆ ಕಾಣುವುದು ‘ಎಕ್ಸೆಕ್ ಫಾರ್ಮ್ಯಾಟ್ ಎರರ್’. ಯಾರಾದರೂ ‘ನನ್ನದೇ, ಆದರೆ’ ಎಂದರೆ ಬೇರೆ ತಪ್ಪುಸಂದೇಶ ಕಾಣುತ್ತದೆ. ಇವೆರಡರ ನಡುವಿನ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನ ಅರ್ಧ ಗೊಂದಲ ಇದರಿಂದಲೇ ಬಗೆಹರಿಯುತ್ತದೆ.

ಕಾನ್ಫಿಗರ್ ಮಾಡುವುದೆಂದರೆ

ಸರತಿಯಲ್ಲಿ ಯಾರು ಯಾರು ಇರಬೇಕೆಂದು ಕರ್ನೆಲ್ ಕಟ್ಟುವಾಗಲೇ ತೀರ್ಮಾನಿಸುತ್ತೇವೆ. ಸಂರಚನೆಯ ಮೆನುವಿನಲ್ಲಿ ‘ಎಕ್ಸಿಕ್ಯೂಟಬಲ್ ಫೈಲ್ ಫಾರ್ಮ್ಯಾಟ್ಸ್’ ಎಂಬ ಉಪಪಟ್ಟಿಯೇ ಇದೆ. ‘ವೈ’ ಎಂದರೆ ಆ ಹ್ಯಾಂಡ್ಲರ್ ಕರ್ನೆಲ್‌ನೊಳಗೇ ಬೆಸೆದುಕೊಳ್ಳುತ್ತದೆ. ‘ಎಂ’ ಎಂದರೆ ಬೇಕಾದಾಗ ಸೇರಿಸಬಹುದಾದ ಮಾಡ್ಯೂಲ್ ಆಗುತ್ತದೆ. ‘ಎನ್’ ಎಂದರೆ ಇರುವುದೇ ಇಲ್ಲ.

ಇಎಲ್‌ಎಫ್‌ಗೆ ‘ವೈ’ ಅನಿವಾರ್ಯ ಎನ್ನಬಹುದು. 1995ರಲ್ಲಿ ಬಂದ ಲಿನಕ್ಸ್ 1.2ರ ಕಾಲದಿಂದ ಇದೇ ಅದರ ಮುಖ್ಯ ಫಾರ್ಮ್ಯಾಟ್. 64 ಬಿಟ್ ಕರ್ನೆಲ್ ಮೇಲೆ 32 ಬಿಟ್ ಪ್ರೋಗ್ರಾಂಗಳೂ ಓಡಬೇಕಾದರೆ ಅದಕ್ಕೆ ಬೇರೆಯೇ ಆಯ್ಕೆ ಇದೆ. ಮೆಮೊರಿ ನಿರ್ವಹಣಾ ಘಟಕವಿಲ್ಲದ ಚಿಕ್ಕ ಸಾಧನಗಳಿಗೆ ‘ಫ್ಲ್ಯಾಟ್’ ಎಂಬ ಹಗುರ ಫಾರ್ಮ್ಯಾಟ್ ಉಂಟು. ಹಳೆಯ ಎ ಡಾಟ್ ಔಟ್ 2022ರಲ್ಲಿ ಕರ್ನೆಲ್‌ನಿಂದ ಪೂರ್ತಿಯಾಗಿ ತೆರವಾಯಿತು. ನಿಮ್ಮ ಯಂತ್ರದಲ್ಲಿ ಯಾವುದಕ್ಕೆ ಯಾವ ಉತ್ತರ ಕೊಟ್ಟಿದ್ದಾರೆ ಎಂಬುದು ಬಹುತೇಕ ವಿತರಣೆಗಳಲ್ಲಿ ‘ಬೂಟ್’ ಡೈರೆಕ್ಟರಿಯ ‘ಕಾನ್ಫಿಗ್’ ಫೈಲಿನಲ್ಲಿ ಅಕ್ಷರ ರೂಪದಲ್ಲೇ ಸಿಗುತ್ತದೆ.

ಯಾವುದನ್ನು ಮಾಡ್ಯೂಲ್ ಮಾಡಬಹುದು ಎಂಬಲ್ಲಿ ಎಚ್ಚರ ಬೇಕು. 32 ಬಿಟ್ ಕರ್ನೆಲ್ ಮೇಲೆ ತಪ್ಪಿ 64 ಬಿಟ್ ವ್ಯವಸ್ಥೆಯನ್ನು ಏರಿಸಿದವರು ಹಿಂದೆಲ್ಲ ವಿಚಿತ್ರ ಸಂದೇಶವೊಂದನ್ನು ಕಾಣುತ್ತಿದ್ದರು: ‘ರನ್‌ಅವೇ ಲೂಪ್’, ಜೊತೆಗೆ 464ಸಿ ಎಂಬ ಸಂಕೇತ. ಆಗಿನ ಕರ್ನೆಲ್‌ಗಳು ಅಪರಿಚಿತ ಫೈಲು ಸಿಕ್ಕಾಗ ಅದಕ್ಕೆ ತಕ್ಕ ಮಾಡ್ಯೂಲನ್ನು ತರಲು ‘ಮಾಡ್‌ಪ್ರೋಬ್’ ಎಂಬ ಪ್ರೋಗ್ರಾಮನ್ನು ಕರೆಯುತ್ತಿದ್ದವು. ಆದರೆ ಮಾಡ್‌ಪ್ರೋಬ್ ಕೂಡ 64 ಬಿಟ್ ಇಎಲ್‌ಎಫ್ ಫೈಲೇ! ಅದನ್ನು ಓಡಿಸಲು ಬಾರದ್ದಕ್ಕೆ ಮತ್ತೆ ಮಾಡ್‌ಪ್ರೋಬನ್ನೇ ಕರೆಯಬೇಕು. ಈ ಸುತ್ತನ್ನು ಗಮನಿಸಿ ಕರ್ನೆಲ್ ಕೈಬಿಡುತ್ತಿತ್ತು. 464ಸಿ ಎಂಬುದು ಇಎಲ್‌ಎಫ್‌ನ ಎಲ್ ಮತ್ತು ಎಫ್ ಅಕ್ಷರಗಳ ಸಂಕೇತಗಳನ್ನು ಹಿಂದುಮುಂದಾಗಿ ಓದಿದಾಗ ಸಿಗುವ ಸಂಖ್ಯೆ. ಬಾಗಿಲು ತೆರೆಯುವ ಸಾಧನ ಅದೇ ಬಾಗಿಲಿನ ಒಳಗಿರಬಾರದು: ಇದೇ ಇಲ್ಲಿಯ ಪಾಠ. ಮುಂದೆ ನೋಡಲಿರುವ ಸ್ಕ್ರಿಪ್ಟ್ ಹ್ಯಾಂಡ್ಲರ್‌ಗೂ ‘ವೈ’ ಎಂದೇ ಉತ್ತರಿಸಬೇಕೆನ್ನುವುದು ಇದಕ್ಕಾಗಿಯೇ. ಎಷ್ಟೋ ವ್ಯವಸ್ಥೆಗಳಲ್ಲಿ ಬೂಟ್ ಆಗುವಾಗ ಮೊದಲು ಓಡುವುದೇ ಒಂದು ಶೆಲ್ ಸ್ಕ್ರಿಪ್ಟ್.

‘#!’ ಎಂಬ ಎರಡು ಚಿಹ್ನೆಗಳು

ಸ್ಕ್ರಿಪ್ಟ್ ಎಂದರೆ ಬರಿಯ ಪಠ್ಯ. ಅದನ್ನು ಕರ್ನೆಲ್ ಹೇಗೆ ಓಡಿಸುತ್ತದೆ? 1980ರ ಜನವರಿಯಲ್ಲಿ ಡೆನಿಸ್ ರಿಚಿ ಯುನಿಕ್ಸ್‌ಗೆ ಸೇರಿಸಿದ ಉಪಾಯ ಇಂದಿಗೂ ನಡೆಯುತ್ತಿದೆ. ಫೈಲಿನ ಮೊದಲ ಎರಡು ಬೈಟು ‘#!’ ಆಗಿದ್ದರೆ, ಆ ಸಾಲಿನ ಉಳಿದ ಭಾಗ ಅದನ್ನು ಓದಿ ನಡೆಸುವ ಇಂಟರ್‌ಪ್ರಿಟರ್‌ನ ವಿಳಾಸ. ಕರ್ನೆಲ್ ಆ ಇಂಟರ್‌ಪ್ರಿಟರನ್ನು ಓಡಿಸಿ, ಸ್ಕ್ರಿಪ್ಟಿನ ವಿಳಾಸವನ್ನು ಅದರ ಕೈಗೆ ಕೊಡುತ್ತದೆ.

ಮೊದಲ ಎರಡು ಬೈಟು ಎಂದರೆ ಅಕ್ಷರಶಃ ಮೊದಲ ಎರಡು. ಸ್ಕ್ರಿಪ್ಟಿನಲ್ಲಿ ಕನ್ನಡ ಪಠ್ಯ ಬರೆಯುವವರು ಇದನ್ನು ತಿಳಿದಿರಲೇಬೇಕು. ಕೆಲವು ಎಡಿಟರ್‌ಗಳು ಯುಟಿಎಫ್-8 ಫೈಲಿನ ತಲೆಯಲ್ಲಿ ‘ಬಿಒಎಂ’ ಎಂಬ ಮೂರು ಅಗೋಚರ ಬೈಟುಗಳನ್ನು ಸೇರಿಸುತ್ತವೆ. ಪರದೆಯ ಮೇಲೆ ಮೊದಲ ಸಾಲು ಸರಿಯಾಗಿಯೇ ಕಾಣುತ್ತದೆ, ಕರ್ನೆಲ್‌ಗೆ ಮಾತ್ರ ‘#!’ ಕಾಣುವುದಿಲ್ಲ. ಹಾಗಾಗಿ ಕನ್ನಡದ ಸ್ಕ್ರಿಪ್ಟುಗಳನ್ನು ಬಿಒಎಂ ಇಲ್ಲದ ಯುಟಿಎಫ್-8ರಲ್ಲಿ ಉಳಿಸಿ.

ಇನ್ನೊಂದು ಗೊಂದಲ. ‘#!’ ಸಾಲೇ ಇಲ್ಲದ ಸ್ಕ್ರಿಪ್ಟ್ ಟರ್ಮಿನಲ್ಲಿನಲ್ಲಿ ಚೆನ್ನಾಗಿ ಓಡುತ್ತದೆ. ಅದನ್ನೇ ಹಿನ್ನೆಲೆ ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿಯ ಮೂಲಕ ನಡೆಸಹೊರಟರೆ 203 ಎಂಬ ಸಂಕೇತದೊಂದಿಗೆ ಬಿದ್ದುಹೋಗುತ್ತದೆ. ಕರ್ನೆಲ್ ಎರಡೂ ಕಡೆ ಒಂದೇ ಉತ್ತರ ಕೊಟ್ಟಿದೆ: ‘ಇದು ಯಾರದೂ ಅಲ್ಲ’. ಟರ್ಮಿನಲ್ಲಿನಲ್ಲಿರುವ ಶೆಲ್ ಆ ಉತ್ತರ ಕೇಳಿ, ಫೈಲನ್ನು ತಾನೇ ಓದಿ ನಡೆಸುತ್ತದೆ. ಸಿಸ್ಟಂಡಿ ಹಾಗೆ ಮಾಡುವುದಿಲ್ಲ.

ಹೊರಗಿನಿಂದ ಕಲಿಯುವ ಹ್ಯಾಂಡ್ಲರ್

ಈಗ ಈ ಅಧ್ಯಾಯದ ಹೃದಯಕ್ಕೆ ಬಂದೆವು. ಜಗತ್ತಿನ ಫಾರ್ಮ್ಯಾಟುಗಳಿಗೆಲ್ಲ ಕರ್ನೆಲ್‌ನೊಳಗೆ ಹ್ಯಾಂಡ್ಲರ್ ಬರೆಯುತ್ತ ಹೋದರೆ ಕರ್ನೆಲ್ ಊದಿಕೊಳ್ಳುತ್ತದೆ. 1990ರ ದಶಕದಲ್ಲಿ ಜಾವಾಕ್ಕೆಂದೇ ಅಂಥ ಒಂದು ಹ್ಯಾಂಡ್ಲರ್ ಬಂದೂ ಇತ್ತು. ಅದರ ಜಾಗವನ್ನು ಸಾಮಾನ್ಯ ಪರಿಹಾರವೊಂದು ತುಂಬಿತು: ರಿಚರ್ಡ್ ಗುಂಥರ್ ಬರೆದ ‘ಬಿನ್‌ಎಫ್‌ಎಂಟಿ-ಮಿಸ್ಕ್’. ಈ ಹ್ಯಾಂಡ್ಲರ್‌ಗೆ ತನ್ನದೇ ಫಾರ್ಮ್ಯಾಟ್ ಎಂಬುದಿಲ್ಲ. ಯಂತ್ರ ಓಡುತ್ತಿರುವಾಗಲೇ ನಿರ್ವಾಹಕರು ಅದಕ್ಕೆ ನಿಯಮಗಳನ್ನು ಕಲಿಸುತ್ತಾರೆ: ಇಂಥ ಸ್ಥಾನದಲ್ಲಿ ಇಂಥ ಬೈಟುಗಳಿದ್ದರೆ ಇಂಥ ಇಂಟರ್‌ಪ್ರಿಟರ್‌ಗೆ ಒಪ್ಪಿಸು. ಬೇಕೆಂದರೆ ಹೆಸರಿನ ಬಾಲವನ್ನು ನೋಡು ಎಂದೂ ಹೇಳಬಹುದು. ಮೇಲೆ ‘ಸಾಮಾನ್ಯವಾಗಿ’ ಎಂದದ್ದು ಇದಕ್ಕೇ. ಈ ನಿಯಮ ಒಂದೇ ಸಾಲಿನ ಪಠ್ಯ. ‘ಪ್ರೊಕ್’ ಮರದಲ್ಲಿರುವ ‘ರಿಜಿಸ್ಟರ್’ ಎಂಬ ಫೈಲಿಗೆ ಅದನ್ನು ಬರೆದರೆ ಮುಗಿಯಿತು. ಕರ್ನೆಲನ್ನು ಮತ್ತೆ ಕಟ್ಟಬೇಕಿಲ್ಲ, ರೀಬೂಟ್ ಬೇಕಿಲ್ಲ.

ಆರ್ಮ್ ಪ್ರೊಸೆಸರ್‌ಗೆಂದು ಕಟ್ಟಿದ 64 ಬಿಟ್ ಪ್ರೋಗ್ರಾಮನ್ನು ಇಂಟೆಲ್ ಯಂತ್ರದಲ್ಲಿ ಕೆಮು ಎಮ್ಯುಲೇಟರ್ ಮೂಲಕ ಓಡಿಸುವ ನಿಯಮ ನೋಡಿ. ಇದು ಫೈಲಿನ ಮೊದಲ 20 ಬೈಟುಗಳನ್ನು ಹೋಲಿಸುತ್ತದೆ. ಮೊದಲ ನಾಲ್ಕು ಇಎಲ್‌ಎಫ್ ಗುರುತು. ಸೊನ್ನೆಯಿಂದ ಎಣಿಸಿದರೆ 18ನೇ ಸ್ಥಾನದಲ್ಲಿ ಪ್ರೊಸೆಸರ್ ಯಾವುದೆಂಬ ಸಂಖ್ಯೆ: 64 ಬಿಟ್ ಇಂಟೆಲ್‌ಗೆ 62, 64 ಬಿಟ್ ಆರ್ಮ್‌ಗೆ 183, ರಿಸ್ಕ್-ಫೈವ್‌ಗೆ 243. ಎಲ್ಲ ಬಿಟ್ಟುಗಳನ್ನೂ ಹೋಲಿಸುವುದು ಬೇಡವಾದ್ದರಿಂದ ಜೊತೆಗೊಂದು ಮಾಸ್ಕ್ ಇರುತ್ತದೆ. 16ನೇ ಸ್ಥಾನದಲ್ಲಿ 2 ಇರಬಹುದು, 3 ಕೂಡ ಇರಬಹುದು. ಎರಡೂ ಓಡಿಸಬಲ್ಲ ಬಗೆಗಳೇ. ದ್ವಿಮಾನದಲ್ಲಿ ಇವು 10 ಮತ್ತು 11. ಮಾಸ್ಕ್ ಕೊನೆಯ ಬಿಟ್ಟನ್ನು ಮುಚ್ಚಿಬಿಡುತ್ತದೆ, ಎರಡೂ ಒಪ್ಪಿಗೆಯಾಗುತ್ತವೆ.

ಈ ಹ್ಯಾಂಡ್ಲರ್ ಸರತಿಯ ತಲೆಯಲ್ಲಿ ನಿಲ್ಲುತ್ತದೆ. ಹಾಗಾಗಿ ಮಾಸ್ಕ್ ಅಪ್ಪಿತಪ್ಪಿ ಪ್ರೊಸೆಸರ್ ಸಂಖ್ಯೆಯನ್ನೇ ಮುಚ್ಚಿದರೆ, ಯಂತ್ರದ ಸ್ವಂತ ಪ್ರೋಗ್ರಾಂಗಳೂ ಎಮ್ಯುಲೇಟರ್ ಪಾಲಾಗುತ್ತವೆ. ಎಮ್ಯುಲೇಟರ್ ಕೂಡ ಇಎಲ್‌ಎಫ್ ಫೈಲಾದ್ದರಿಂದ ಅದೂ ತನ್ನ ಕೈಗೇ ಬಂದು ಬೀಳುತ್ತದೆ. ಕೆಲವೇ ಸುತ್ತುಗಳಲ್ಲಿ ಕರ್ನೆಲ್ ನಿಲ್ಲಿಸುತ್ತದೆ, ಆದರೆ ಹೊಸದಾಗಿ ಯಾವ ಪ್ರೋಗ್ರಾಮೂ ಶುರುವಾಗದು. ಪಾರಾಗುವ ದಾರಿ ಇದೆ. ರೂಟ್ ಅಧಿಕಾರದ ಶೆಲ್ ಮೊದಲೇ ತೆರೆದಿದ್ದರೆ, ಶೆಲ್‌ನ ಒಳಗೇ ಇರುವ ‘ಎಕೋ’ ಆಜ್ಞೆಯಿಂದ ‘ರಿಜಿಸ್ಟರ್’ ಇರುವ ಡೈರೆಕ್ಟರಿಯಲ್ಲೇ ಇರುವ ‘ಸ್ಟೇಟಸ್’ ಫೈಲಿಗೆ -1 ಎಂದು ಬರೆಯಿರಿ. ನಿಯಮಗಳೆಲ್ಲ ಅಳಿಸಿಹೋಗುತ್ತವೆ. ‘ಎಕೋ’ಗೆ ಹೊಸ ಪ್ರೋಗ್ರಾಂ ಬೇಕಿಲ್ಲವಾದ್ದರಿಂದ ಅದು ಎಕ್ಸೆಕ್‌ವಿಇ ದಾರಿಗೆ ಹೋಗುವುದೇ ಇಲ್ಲ.

ಇಂದು ಈ ಸೌಲಭ್ಯದ ಬಳಕೆ ವ್ಯಾಪಕ. ಇಂಟೆಲ್ ಯಂತ್ರದಲ್ಲೇ ಕುಳಿತು ಆರ್ಮ್‌ಗಾಗಿ ಡಾಕರ್ ಇಮೇಜ್ ಕಟ್ಟುವವರು ಇದನ್ನೇ ನೆಚ್ಚಿದ್ದಾರೆ. ಅಲ್ಲೊಂದು ತೊಡಕಿತ್ತು: ಇಂಟರ್‌ಪ್ರಿಟರ್‌ನ ವಿಳಾಸವನ್ನು ಕರ್ನೆಲ್ ಆ ಇಮೇಜಿನಿಂದ ಓಡುವ ಪ್ರತ್ಯೇಕ ಆವರಣದ, ಅಂದರೆ ಕಂಟೇನರ್‌ನ, ಒಳಗೆ ಹುಡುಕುತ್ತಿತ್ತು, ಅಲ್ಲಿ ಕೆಮು ಇರುತ್ತಿರಲಿಲ್ಲ. 2016ರ 4.8 ಆವೃತ್ತಿಯಲ್ಲಿ ಬಂದ ‘ಎಫ್’ ಎಂಬ ಸೂಚಕ ಇದನ್ನು ನೀಗಿಸಿತು. ಅದನ್ನು ಸೇರಿಸಿದರೆ ನಿಯಮ ನೋಂದಾಯಿಸುವಾಗಲೇ ಕರ್ನೆಲ್ ಇಂಟರ್‌ಪ್ರಿಟರನ್ನು ತೆರೆದು ಹಿಡಿದಿಟ್ಟುಕೊಳ್ಳುತ್ತದೆ. ವಿಂಡೋಸ್‌ನ ಒಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್‌ನಲ್ಲಿ ವಿಂಡೋಸ್ ಪ್ರೋಗ್ರಾಂಗಳು ಲಿನಕ್ಸ್ ಟರ್ಮಿನಲ್ಲಿನಿಂದಲೇ ಓಡುತ್ತವಲ್ಲ, ಅದರ ಹಿಂದೆಯೂ ‘ಎಂಝಡ್’ ಗುರುತಿನ ಇಂಥದೇ ನಿಯಮ ಇದೆ.

ಗುರುತಿಸಿದ ಮಾತ್ರಕ್ಕೆ ಓಡಿಸಿದಂತಲ್ಲ

‘ಕರ್ನೆಲ್‌ಗೆ ಈ ಫಾರ್ಮ್ಯಾಟ್ ಗೊತ್ತು, ಆದ್ದರಿಂದ ಈ ಪ್ರೋಗ್ರಾಂ ಓಡಬೇಕು.’ ಅನುಭವಿಗಳೂ ಹೀಗೆಯೇ ಯೋಚಿಸುತ್ತಾರೆ, ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಪ್ರೋಗ್ರಾಂ ಓಡಲು ಮೂರು ಹೊಂದಾಣಿಕೆ ಬೇಕು: ಫಾರ್ಮ್ಯಾಟ್, ಯಂತ್ರಸೂಚನೆ, ಪರಿಸರ. ಒಂದೊಂದೂ ಬೇರೆಬೇರೆಯಾಗಿ ತಪ್ಪಬಹುದು.

ಆರ್ಮ್ ಪ್ರೋಗ್ರಾಂ ಇಂಟೆಲ್ ಲಿನಕ್ಸ್‌ಗೆ ಬಂದಾಗ ಫಾರ್ಮ್ಯಾಟ್ ಇಎಲ್‌ಎಫ್ ಆಗಿಯೇ ಇದೆ, ಪರಿಸರವೂ ಲಿನಕ್ಸ್‌ನದೇ. ಸೂಚನೆಗಳು ಮಾತ್ರ ಬೇರೆ. ಹಾಗಾಗಿ ಕೆಮು ಸೂಚನೆಗಳನ್ನು ಅನುವಾದಿಸುತ್ತದೆ. ಇಂಟೆಲ್‌ಗೆಂದು ಕಟ್ಟಿದ ವಿಂಡೋಸ್ ಪ್ರೋಗ್ರಾಂ ಅದೇ ಯಂತ್ರಕ್ಕೆ ಬಂದಾಗ ಇದರ ತಿರುಗುಮುರುಗು: ಸೂಚನೆಗಳು ಹೊಂದುತ್ತವೆ, ಫಾರ್ಮ್ಯಾಟೂ ಪರಿಸರವೂ ಹೊಂದುವುದಿಲ್ಲ. ಅಲ್ಲಿ ಬೇಕಾದದ್ದು ವೈನ್. ಅದು ವಿಂಡೋಸ್‌ನ ಸೇವೆಗಳನ್ನು ಲಿನಕ್ಸ್ ಮೇಲೆ ಒದಗಿಸಿಕೊಡುತ್ತದೆ. ಬಿನ್‌ಎಫ್‌ಎಂಟಿ-ಮಿಸ್ಕ್ ಎರಡು ಕಡೆಯೂ ಮಾಡುವುದು ಒಂದೇ ಕೆಲಸ: ಗುರುತು ಹಿಡಿದು ಸರಿಯಾದವರ ಕೈಗೆ ಒಪ್ಪಿಸುವುದು.

ಮೂರನೆಯದು ಎಲ್ಲಕ್ಕಿಂತ ದಿಕ್ಕು ತಪ್ಪಿಸುವಂಥದು. ಉಬುಂಟುವಿನಲ್ಲಿ ಕಟ್ಟಿದ ಪ್ರೋಗ್ರಾಮನ್ನು ಆಲ್ಪೈನ್ ಲಿನಕ್ಸ್‌ಗೆ ಒಯ್ದರೆ ‘ಅಂಥ ಫೈಲೇ ಇಲ್ಲ’ ಎಂಬ ಸಂದೇಶ ಬರುತ್ತದೆ, ಫೈಲು ಕಣ್ಣೆದುರೇ ಇದ್ದರೂ! ಫಾರ್ಮ್ಯಾಟ್ ಸರಿ, ಸೂಚನೆಗಳೂ ಸರಿ. ಆದರೆ ಇಎಲ್‌ಎಫ್ ಫೈಲಿನ ಒಳಗೆ ಲೈಬ್ರರಿಗಳನ್ನು ಜೋಡಿಸುವ ಲೋಡರ್‌ನ ವಿಳಾಸ ಬರೆದಿರುತ್ತದೆ. ಉಬುಂಟುವಿನದು ಗ್ಲಿಬ್‌ಸಿ ಲೋಡರ್. ಮಸಲ್ ಲೈಬ್ರರಿ ಬಳಸುವ ಆಲ್ಪೈನ್‌ನಲ್ಲಿ ಅದಿಲ್ಲ. ಇಎಲ್‌ಎಫ್ ಹ್ಯಾಂಡ್ಲರ್ ಇಲ್ಲಿ ‘ನನ್ನದೇ, ಆದರೆ’ ಎಂದಿದೆ. ಇಲ್ಲ ಎನ್ನುತ್ತಿರುವುದು ಲೋಡರನ್ನು, ನೀವು ಹೆಸರಿಸಿದ ಫೈಲನ್ನಲ್ಲ. ‘ಫಾರ್ಮ್ಯಾಟ್ ಎರರ್’ ಎಂದರೆ ಯಾವ ಹ್ಯಾಂಡ್ಲರೂ ಒಪ್ಪಲಿಲ್ಲ ಎಂದು. ‘ಫೈಲು ಇಲ್ಲ’ ಎಂದರೆ ಒಪ್ಪಿದವರಿಗೆ ಬೇಕಾದದ್ದು ಸಿಗಲಿಲ್ಲ ಎಂದು. ಈ ಒಂದು ಭೇದ ತಿಳಿದರೆ ಗಂಟೆಗಟ್ಟಲೆ ಹುಡುಕಾಟ ಉಳಿಯುತ್ತದೆ.

ಮುಂದೆ ಓದುವವರಿಗೆ

ಒಟ್ಟಿನಲ್ಲಿ, ಕರ್ನೆಲ್ ಮೊದಲ ಬೈಟುಗಳನ್ನು ಓದುತ್ತದೆ, ಹ್ಯಾಂಡ್ಲರ್‌ಗಳನ್ನು ಸರತಿಯಲ್ಲಿ ಕೇಳುತ್ತದೆ. ಆ ಸರತಿಯಲ್ಲಿ ಯಾರಿರಬೇಕೆಂಬುದು ನಮ್ಮ ಸಂರಚನೆಗೆ ಬಿಟ್ಟದ್ದು. ಇಷ್ಟನ್ನು ಓದಿ ನಿಲ್ಲಿಸಬೇಡಿ ಎಂಬುದು ನನ್ನ ಕೋರಿಕೆ. ಕರ್ನೆಲ್ ಎಂದರೆ ಪಂಡಿತರಿಗಷ್ಟೇ ಎಂಬ ಅಂಜಿಕೆ ನಮ್ಮ ಕಾಲೇಜುಗಳಲ್ಲಿ ಇನ್ನೂ ಉಳಿದಿದೆ. ಆದರೆ ಸ್ಕ್ರಿಪ್ಟ್ ಹ್ಯಾಂಡ್ಲರ್‌ನ ಇಡೀ ಮೂಲ ಇನ್ನೂರು ಸಾಲಿಗಿಂತ ಕಡಿಮೆ. ಸಿ ಭಾಷೆಯ ಒಂದು ಸೆಮಿಸ್ಟರ್ ಮುಗಿಸಿದ ವಿದ್ಯಾರ್ಥಿ ಅದನ್ನು ಒಂದು ಸಂಜೆ ಕುಳಿತು ಓದಬಹುದು. ಅದಾದ ಮೇಲೆ ಬಿನ್‌ಎಫ್‌ಎಂಟಿ-ಮಿಸ್ಕ್‌ನ ಮೂಲವನ್ನು ತೆರೆಯಿರಿ, ನಂತರ ಇಎಲ್‌ಎಫ್‌ನದು. ವರ್ಚುವಲ್ ಯಂತ್ರವೊಂದರಲ್ಲಿ ನಿಮ್ಮದೇ ಮ್ಯಾಜಿಕ್ ನಂಬರ್ ಇಟ್ಟುಕೊಂಡು, ನಿಮ್ಮದೇ ಚಿಕ್ಕ ಇಂಟರ್‌ಪ್ರಿಟರ್ ಬರೆದು, ನಿಯಮವನ್ನು ನೋಂದಾಯಿಸಿ ನೋಡಿ. ಓದಿ ತಿಳಿಯದ ಎಷ್ಟೋ ಸಂಗತಿಗಳು ಆ ಒಂದು ಪ್ರಯೋಗದಲ್ಲಿ ತಿಳಿಯುತ್ತವೆ. ತಿಳಿದದ್ದನ್ನು ಕನ್ನಡದಲ್ಲಿ ಬರೆದಿಡಿ. ನಿಮ್ಮ ಹಿಂದೆ ಬರುವವರಿಗೆ ಅದು ಬೇಕು.